ಬ್ರೂಟ್, ಬ್ಲಾ ದ ಬ್ಲಾ, ಬ್ರಿಯೋಶ್: ಯಾವ ಪದ ನೋಡಿ ಶಾಂಪೇನ್ ಆರಿಸಬೇಕು?

ಕಪಾಟಿನಲ್ಲಿ ಮೂರು ಬಾಟಲಿ ಇವೆ ಅಂದುಕೊಳ್ಳಿ. ಒಂದರ ಮೇಲೆ ‘ಬ್ರೂಟ್’ ಎಂದಿದೆ. ಇನ್ನೊಂದರ ಮೇಲೆ ‘ಎಕ್ಸ್‌ಟ್ರಾ ಡ್ರೈ’. ಮೂರನೆಯದರ ಮೇಲೆ ‘ಬ್ಲಾ ದ ಬ್ಲಾ, ಎಕ್ಸ್‌ಟ್ರಾ ಬ್ರೂಟ್’. ಹಿಂದೆ ತಿರುಗಿಸಿದರೆ ಇನ್ನಷ್ಟು ಮಾತು: ಬ್ರಿಯೋಶ್ ಅನ್ನುವ ಫ್ರೆಂಚ್ ಬ್ರೆಡ್ಡು, ಹಸಿರು ಸೇಬು, ಸೀಮೆಸುಣ್ಣ, ಕೆನೆಯಂಥ ನೊರೆ. ಮೂರೂ ಶಾಂಪೇನೇ, ಅಂದರೆ ಫ್ರಾನ್ಸಿನ ಶಾಂಪೇನ್ ಪ್ರದೇಶದ ಗುಳ್ಳೆ ಏಳುವ ವೈನು. ಬೆಲೆಯೂ ಹೆಚ್ಚೂಕಡಿಮೆ ಒಂದೇ. ಯಾವುದನ್ನು ಎತ್ತಿಕೊಳ್ಳಬೇಕು?

ಈ ಗೊಂದಲಕ್ಕೆ ಕಾರಣ ಪದಗಳು ಜಾಸ್ತಿ ಇರುವುದಲ್ಲ, ಎಲ್ಲ ಪದಗಳನ್ನೂ ಒಂದೇ ತೂಕದಲ್ಲಿ ಓದುವುದು ಅಂತ ನನಗೆ ಅನಿಸುತ್ತದೆ. ಬಾಟಲಿಯ ಮೇಲಿನ ಮಾತುಗಳಲ್ಲಿ ಮೂರು ಜಾತಿ ಇವೆ. ಮೊದಲನೆಯದು ಕಾನೂನು ಅಳೆದು ಕೊಟ್ಟ ಪದಗಳು. ‘ಬ್ರೂಟ್’ ಅಂಥದ್ದು. ಅದರ ಹಿಂದೆ ಸಕ್ಕರೆಯ ಗ್ರಾಂ ಲೆಕ್ಕ ಇದೆ, ತಪ್ಪಿದರೆ ಆ ಪದ ಬಳಸುವಂತಿಲ್ಲ. ಎರಡನೆಯದು ನಾಲಿಗೆಯ ಪದಗಳು. ‘ಬ್ರಿಯೋಶ್’ ಅಂಥದ್ದು. ಅದು ರುಚಿ ನೋಡಿದ ಒಬ್ಬರ ಅನುಭವ, ಆದರೆ ಅದರ ಹಿಂದೆ ಸಾಮಾನ್ಯವಾಗಿ ಒಂದು ನಿಜವಾದ ಕಾರಣ ಇರುತ್ತದೆ. ಮೂರನೆಯದು ಸುಮ್ನೆ ಅಂದಕ್ಕೆ ಹಾಕಿದ ಪದಗಳು. ಮೊದಲನೆಯದನ್ನು ನಂಬಿ ಗುಂಪು ಆರಿಸಿ, ಎರಡನೆಯದನ್ನು ನೋಡಿ ಬಾಟಲಿ ಆರಿಸಿ, ಮೂರನೆಯದಕ್ಕೆ ಕಾಸು ಕೊಡಬೇಡಿ. ನಾನು ಹೇಳಬೇಕಾದ್ದು ಇಷ್ಟೇ. ಆದರೆ ಯಾವ ಪದ ಯಾವ ಗುಂಪಿನದು ಅಂತ ಗೊತ್ತಾಗಲು ಸ್ವಲ್ಪ ವಿವರ ಬೇಕು.

ಮೊದಲು ನಿಮಗೆ ನೀವೇ ಕೇಳಿಕೊಳ್ಳಬೇಕಾದ್ದು

ಬಾಟಲಿ ನೋಡುವ ಮುಂಚೆ ನಾಲ್ಕು ವಿಷಯ ಗಟ್ಟಿಮಾಡಿಕೊಳ್ಳಿ.

ಸಿಹಿ ಎಷ್ಟು ಬೇಕು? ಇದು ಮೊದಲ ಪ್ರಶ್ನೆ, ಎಲ್ಲಕ್ಕಿಂತ ದೊಡ್ಡದು. ಹುಳಿ ಎಷ್ಟು ಹಿಡಿಸುತ್ತದೆ? ಶಾಂಪೇನ್ ಪ್ರದೇಶ ಪ್ಯಾರಿಸ್‌ನ ಪೂರ್ವಕ್ಕೆ, ರೀಮ್ಸ್ ಮತ್ತು ಎಪರ್ನೇ ಊರುಗಳ ಸುತ್ತ ಇದೆ. ದ್ರಾಕ್ಷಿ ಬೆಳೆಗೆ ಅದು ಸಾಕಷ್ಟು ಉತ್ತರ, ಸಾಕಷ್ಟು ತಂಪು. ಹಾಗಾಗಿ ಅಲ್ಲಿನ ಹಣ್ಣಿನಲ್ಲಿ ಹುಳಿ ಹುಟ್ಟಿನಿಂದಲೇ ಜಾಸ್ತಿ. ಯಾವ ಶಾಂಪೇನ್ ತಗೊಂಡರೂ ಹುಳಿ ಇದ್ದೇ ಇರುತ್ತದೆ. ಅದು ಮುಂದೆ ನಿಲ್ಲುತ್ತದೋ, ಸಿಹಿಯ ಹಿಂದೆ ನಿಲ್ಲುತ್ತದೋ ಅನ್ನುವುದಷ್ಟೇ ಬದಲಾಗುತ್ತದೆ.

ಮೂರನೆಯದು, ನಿಮಗೆ ತಾಜಾ ಹಣ್ಣಿನ ರುಚಿ ಇಷ್ಟವೋ, ಬೇಯಿಸಿದ ಬ್ರೆಡ್ಡು, ಹುರಿದ ಬಾದಾಮಿಯ ಕಡೆ ವಾಲುವ ರುಚಿ ಇಷ್ಟವೋ? ನಾಲ್ಕನೆಯದು, ಬರೀ ಶಾಂಪೇನ್ ಕುಡಿಯುತ್ತೀರೋ, ಊಟದ ಜೊತೆಗೋ, ಕೊನೆಯಲ್ಲಿ ಬರುವ ಸಿಹಿತಿಂಡಿಯ ಜೊತೆಗೋ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಕಪಾಟು ತಾನಾಗಿಯೇ ಪಕ್ಕಕ್ಕೆ ಸರಿಯುತ್ತದೆ. ಬಜೆಟ್ಟಿನ ಮಾತು ಕೊನೆಗೆ.

ಸಿಹಿಯ ಏಣಿ: ಇಲ್ಲೇ ಹೆಚ್ಚು ಜನ ಎಡವುವುದು

ಶಾಂಪೇನ್ ಎರಡು ಸಲ ಹುದುಗುತ್ತದೆ. ಗುಳ್ಳೆ ಕೊಡುವ ಎರಡನೇ ಹುದುಗುವಿಕೆ ಬಾಟಲಿಯೊಳಗೇ ನಡೆಯುತ್ತದೆ. ಅದು ಮುಗಿದು ಯೀಸ್ಟಿನ ಗಸಿಯನ್ನು ಹೊರಹಾಕಿದ ಮೇಲೆ ಬಾಟಲಿಯಲ್ಲಿ ಸ್ವಲ್ಪ ಜಾಗ ಖಾಲಿ ಆಗುತ್ತದೆ. ಅದನ್ನು ವೈನು, ಸಕ್ಕರೆ ಸೇರಿಸಿದ ದ್ರವದಿಂದ ತುಂಬುತ್ತಾರೆ. ಇದಕ್ಕೆ ‘ದೊಸಾಜ್’ ಅಂತ ಹೆಸರು. ಕೊನೆಗೆ ಒಂದು ಲೀಟರಿನಲ್ಲಿ ಎಷ್ಟು ಸಕ್ಕರೆ ಇದೆ ಅನ್ನುವುದರ ಮೇಲೆ ಹೆಸರು ಬರುತ್ತದೆ.

ಸಕ್ಕರೆ ಸೇರಿಸದೆ, 3 ಗ್ರಾಂಗಿಂತ ಕಡಿಮೆ ಇದ್ದರೆ ಬ್ರೂಟ್ ನಾಟ್ಯೂರ್. 0ಯಿಂದ 6 ಗ್ರಾಂ ಇದ್ದರೆ ಎಕ್ಸ್‌ಟ್ರಾ ಬ್ರೂಟ್. 12ಕ್ಕಿಂತ ಕಡಿಮೆ ಇದ್ದರೆ ಬ್ರೂಟ್. 12ರಿಂದ 17 ಎಕ್ಸ್‌ಟ್ರಾ ಡ್ರೈ. 17ರಿಂದ 32 ಸೆಕ್. 32ರಿಂದ 50 ಡೆಮಿ ಸೆಕ್. 50 ದಾಟಿದರೆ ಡೂ, ಅದು ಈಗ ಬಹಳ ಅಪರೂಪ.

ಈಗ ಮತ್ತೊಮ್ಮೆ ನೋಡಿ. ‘ಎಕ್ಸ್‌ಟ್ರಾ ಡ್ರೈ’ ಅಂದರೆ ಸಿಹಿಯೇ ಇಲ್ಲದ್ದು ಅಂತ ಕೇಳಿಸುತ್ತದೆ ಅಲ್ವಾ? ನಿಜಕ್ಕೂ ಅದು ಬ್ರೂಟ್‌ಗಿಂತ ಸಿಹಿ. ‘ಸೆಕ್’ ಅಂದರೂ ಫ್ರೆಂಚಿನಲ್ಲಿ ಒಣ, ಸಿಹಿ ಇಲ್ಲದ್ದು ಎಂದೇ ಅರ್ಥ. ಆದರೆ ಸೆಕ್ ಶಾಂಪೇನ್ ಬಾಯಿಗೆ ಸ್ಪಷ್ಟವಾಗಿ ಸಿಹಿ. ಪದಕ್ಕೂ ರುಚಿಗೂ ಹೀಗೆ ತಾಳ ತಪ್ಪಲು ಇತಿಹಾಸ ಕಾರಣ. 19ನೇ ಶತಮಾನದಲ್ಲಿ ಶಾಂಪೇನ್ ಅಂದರೆ ಸಿಹಿ ಪಾನೀಯ. 2010ರಲ್ಲಿ ಬಾಲ್ಟಿಕ್ ಸಮುದ್ರದಲ್ಲಿ, ಓಲಾಂಡ್ ದ್ವೀಪಗಳ ಹತ್ತಿರ, ಮುಳುಗಿದ ಹಡಗೊಂದರಲ್ಲಿ 168 ಬಾಟಲಿಗಳು ಸಿಕ್ಕವು. ಸುಮಾರು 170 ವರ್ಷ ಹಳೆಯವು. ಪರೀಕ್ಷಿಸಿದಾಗ ಲೀಟರಿಗೆ 140 ಗ್ರಾಂ ಸುತ್ತಮುತ್ತ ಸಕ್ಕರೆ ಇತ್ತು. ಅಷ್ಟು ಸಿಹಿಯ ಕಾಲದಲ್ಲಿ 25 ಗ್ರಾಂ ಇದ್ದದ್ದು ‘ಒಣ’ ಅನಿಸಿದ್ದರಲ್ಲಿ ಆಶ್ಚರ್ಯ ಇಲ್ಲ. ಆಮೇಲೆ ಇಂಗ್ಲೆಂಡಿನ ಗಿರಾಕಿಗಳು ಇನ್ನೂ ಕಡಿಮೆ ಸಿಹಿ ಕೇಳಿದರು. ಮದಾಂ ಪೊಮ್ಮೆರಿ ಅವರ ‘ಮನೆ’ಯ (ಶಾಂಪೇನ್ ತಯಾರಿಸುವ ಸಂಸ್ಥೆಗೆ ಹೀಗನ್ನುತ್ತಾರೆ) 1874ರ ಬ್ರೂಟ್ ಆ ದಾರಿಯಲ್ಲಿ ಹೆಸರಾಯಿತು. ಸಿಹಿ ಕೆಳಗಿಳಿಯುತ್ತಾ ಹೋಯಿತು, ಹಳೇ ಪದಗಳು ಮಾತ್ರ ಇದ್ದ ಮೆಟ್ಟಿಲಲ್ಲೇ ಉಳಿದವು.

ಗ್ರಾಂ ಲೆಕ್ಕವನ್ನು ಗ್ಲಾಸಿಗೆ ಇಳಿಸಿ ನೋಡೋಣ. 125 ಮಿಲಿಲೀಟರ್ ಗ್ಲಾಸು ಹಿಡಿದರೆ ಒಂದು ಬಾಟಲಿಗೆ 6 ಗ್ಲಾಸು. ಲೀಟರಿಗೆ 8 ಗ್ರಾಂ ಇರುವ ಬ್ರೂಟ್‌ನಲ್ಲಿ ಒಂದು ಗ್ಲಾಸಿಗೆ 1 ಗ್ರಾಂ ಸಕ್ಕರೆ. 40 ಗ್ರಾಂ ಇರುವ ಡೆಮಿ ಸೆಕ್‌ನಲ್ಲಿ 5 ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚ. ಬ್ರೂಟ್‌ನ ಆ 1 ಗ್ರಾಂ ಸಿಹಿಯಾಗಿ ಗೊತ್ತಾಗುವುದಿಲ್ಲ. ಹುಳಿಯ ಚೂಪನ್ನು ಮಟ್ಟ ಮಾಡುವುದಷ್ಟೇ ಅದರ ಕೆಲಸ.

ಯಾರಿಗೆ ಯಾವುದು? ಬ್ರೂಟ್ ಎಲ್ಲರ ನಡುವಿನ ದಾರಿ. ಹತ್ತು ಜನ ಸೇರಿದ್ದಾರೆ, ಯಾರ ರುಚಿ ಏನು ಅಂತ ಗೊತ್ತಿಲ್ಲ ಅಂದರೆ ಅದೇ ಸರಿ. ಆದರೆ 5 ಗ್ರಾಮಿನ ಬ್ರೂಟ್‌ಗೂ 11 ಗ್ರಾಮಿನ ಬ್ರೂಟ್‌ಗೂ ಒಳ್ಳೆಯ ವ್ಯತ್ಯಾಸ ಇದೆ. ಎಷ್ಟೋ ತಯಾರಕರು ಹಿಂದಿನ ಚೀಟಿಯಲ್ಲಿ ದೊಸಾಜ್ ಸಂಖ್ಯೆ ಹಾಕುತ್ತಾರೆ. ಅದು ಕಂಡರೆ ಖಂಡಿತ ಓದಿ. ಹತ್ತು ವರ್ಣನೆಯ ಪದಗಳಿಗಿಂತ ಆ ಒಂದು ಸಂಖ್ಯೆ ಹೆಚ್ಚು ಹೇಳುತ್ತದೆ.

ಬ್ರೂಟ್ ನಾಟ್ಯೂರ್, ಎಕ್ಸ್‌ಟ್ರಾ ಬ್ರೂಟ್ ಈಗ ಬಲ್ಲವರ ಆಯ್ಕೆ ಅಂತ ಹೆಸರು ಮಾಡಿವೆ. ಸಕ್ಕರೆಯ ಮುಸುಕಿಲ್ಲದೆ ವೈನು ಇದ್ದ ಹಾಗೇ ಕಾಣುತ್ತದೆ ಅನ್ನುವುದು ನಿಜ. ಹಣ್ಣು ಚೆನ್ನಾಗಿ ಮಾಗಿದ್ದರೆ ಅದು ತುಂಬಾ ಸೊಗಸು. ಮಾಗದಿದ್ದರೆ ಹುಳಿ ಬರಿಗತ್ತಿಯ ಹಾಗೆ ನಿಲ್ಲುತ್ತದೆ. ಸಿಂಪಿ, ಸಮುದ್ರದ ಹಸಿ ಪದಾರ್ಥಗಳ ಜೊತೆ ಇದಕ್ಕಿಂತ ಒಳ್ಳೆಯ ಜೋಡಿ ಕಡಿಮೆ. ಆದರೆ ಶಾಂಪೇನಿಗೆ ಹೊಸಬರಾದವರಿಗೆ ಮೊದಲ ಗ್ಲಾಸಾಗಿ ಇದನ್ನು ಕೊಡಬೇಡಿ ಅಂತ ನನ್ನ ಗಟ್ಟಿ ಸಲಹೆ. ಎಷ್ಟೋ ಜನ ‘ನನಗೆ ಶಾಂಪೇನ್ ಆಗಲ್ಲ’ ಅನ್ನುವುದು ಇಂಥ ಒಂದು ಗ್ಲಾಸಿನ ನಂತರ. ಅವರಿಗೆ ಎಕ್ಸ್‌ಟ್ರಾ ಡ್ರೈ ಕೊಟ್ಟು ನೋಡಿ, ಮುಖ ಅರಳುತ್ತದೆ.

ಡೆಮಿ ಸೆಕ್‌ಗೆ ಸಿಗಬೇಕಾದ ಗೌರವ ಸಿಕ್ಕಿಲ್ಲ. ಹುಟ್ಟುಹಬ್ಬಕ್ಕೆ ಕೇಕು ಕತ್ತರಿಸಿ ಬ್ರೂಟ್ ಸುರಿಯುವುದು ಎಲ್ಲೆಲ್ಲೂ ರೂಢಿ. ಬಾಯಲ್ಲಿ ಕೇಕಿನ ಸಿಹಿ ಇರುವಾಗ ಬ್ರೂಟ್ ಕುಡಿದರೆ ನಾಲಿಗೆಗೆ ಹುಳಿ ಬಿಟ್ಟು ಬೇರೇನೂ ತಾಗುವುದಿಲ್ಲ. ಒಳ್ಳೆಯ ವೈನು ದಂಡವಾಗುತ್ತದೆ. ಸಿಹಿತಿಂಡಿಯ ಜೊತೆ ಡೆಮಿ ಸೆಕ್ಕೇ ಬೇಕು.

ಹಣ್ಣಿನ ಪದಗಳು

ಶಾಂಪೇನ್‌ನ ತೋಟಗಳಲ್ಲಿ ಮುಖ್ಯವಾಗಿ ಮೂರು ದ್ರಾಕ್ಷಿ. ಶಾರ್ಡನೆ ಬಿಳಿ. ಪಿನೋ ನುವಾರ್ ಮತ್ತು ಮ್ಯೂನಿಯೆ ಕಪ್ಪು. ಬಾಟಲಿಯ ಮೇಲೆ ಏನೂ ಹೇಳದಿದ್ದರೆ ಸಾಮಾನ್ಯವಾಗಿ ಇವುಗಳ ಮಿಶ್ರಣ ಅಂತ ತಿಳಿಯಬಹುದು.

‘ಬ್ಲಾ ದ ಬ್ಲಾ’ ಅಂದರೆ ಬಿಳಿ ಹಣ್ಣಿನಿಂದ ಬಂದ ಬಿಳಿ. ಹೆಚ್ಚಾಗಿ ಪೂರ್ತಿ ಶಾರ್ಡನೆ. ಎಪರ್ನೇಯ ದಕ್ಷಿಣಕ್ಕೆ ಕೋಟ್ ದೆ ಬ್ಲಾ ಅನ್ನುವ ಇಳಿಜಾರು ಇದೆ. ಕ್ರಾಮಾಂ, ಅವೀಝ್, ಓಜೆ, ಲ ಮೆನಿಲ್ ಸುರ್ ಓಜೆ ಅಲ್ಲಿನ ಹೆಸರಾದ ಹಳ್ಳಿಗಳು. ಕಾಲ ಕೆಳಗೆ ಬಿಳಿ ಸೀಮೆಸುಣ್ಣದ ನೆಲ. ಎಳೆಯ ಬ್ಲಾ ದ ಬ್ಲಾದಲ್ಲಿ ನಿಂಬೆ ಸಿಪ್ಪೆ, ಹಸಿರು ಸೇಬು, ಬಿಳಿ ಹೂವಿನ ಘಮ. ಮೈ ತೆಳು, ನಡೆ ನೇರ. ಹತ್ತು ವರ್ಷ ಇಟ್ಟರೆ ಅದೇ ವೈನು ಬೆಣ್ಣೆ, ಹೇಜಲ್‌ನಟ್ ಕಡೆ ತಿರುಗುತ್ತದೆ. ತಾಳ್ಮೆ ಇರುವವರಿಗೆ ಇದು ದೊಡ್ಡ ಸುಖ.

‘ಬ್ಲಾ ದ ನುವಾರ್’ ಅಂದರೆ ಕಪ್ಪು ಹಣ್ಣಿನಿಂದ ಬಂದ ಬಿಳಿ. ಸಿಪ್ಪೆ ಕಪ್ಪಾದರೂ ತಿರುಳಿನ ರಸ ಬಿಳಿ. ಬಣ್ಣ ಇಳಿಯದ ಹಾಗೆ ಮೆಲ್ಲಗೆ ಹಿಂಡುತ್ತಾರೆ. 4,000 ಕಿಲೋ ಹಣ್ಣಿನಿಂದ 2,550 ಲೀಟರ್ ರಸ ಮಾತ್ರ ತೆಗೆಯಬಹುದು ಅಂತ ನಿಯಮವೇ ಇದೆ. ಇದರ ಮೈ ತುಂಬಿಕೊಂಡಿರುತ್ತದೆ. ಕೆಂಪು ಹಣ್ಣು, ಪ್ಲಮ್ಮು, ಕೆಲವೊಮ್ಮೆ ಜೇನಿನ ನೆನಪು. ರೀಮ್ಸ್‌ನ ಬೆಟ್ಟಸಾಲು ಮತ್ತು ದಕ್ಷಿಣದ ಕೋಟ್ ದೆ ಬಾರ್ ಪಿನೋ ನುವಾರ್‌ನ ನೆಲ. ಮಾರ್ನ್ ಕಣಿವೆಯಲ್ಲಿ ಮ್ಯೂನಿಯೆ ಹೆಚ್ಚು, ಅದು ಹಣ್ಣಿನ ರುಚಿಯನ್ನು ಬೇಗ ಬಿಟ್ಟುಕೊಡುತ್ತದೆ, ದುಂಡಗಿರುತ್ತದೆ. ಊಟದ ಜೊತೆ, ಅದರಲ್ಲೂ ಕೋಳಿ, ಅಣಬೆ, ಆ ಭಾಗದ ಶಾವೂರ್ಸ್ ಚೀಸ್ ಜೊತೆ ನಾನು ಬ್ಲಾ ದ ನುವಾರ್ ಆರಿಸುತ್ತೇನೆ. ಊಟಕ್ಕೆ ಮುಂಚೆ, ಹಸಿವು ಕೆರಳಿಸಲು, ಬ್ಲಾ ದ ಬ್ಲಾ.

ರೋಸೇ ಬಗ್ಗೆ ಒಂದೇ ತಪ್ಪು ತಿಳಿವಳಿಕೆ ತಿದ್ದಬೇಕು. ಗುಲಾಬಿ ಬಣ್ಣ ಅಂದರೆ ಸಿಹಿ ಅಂತಲ್ಲ. ಹೆಚ್ಚಿನ ರೋಸೇಗಳೂ ಬ್ರೂಟ್ ದರ್ಜೆಯವೇ. ಬಿಳಿ ವೈನಿಗೆ ಅದೇ ಪ್ರದೇಶದ ಕೆಂಪು ವೈನು ಸೇರಿಸಿ ಮಾಡಿದರೆ ಅದು ‘ದಸಾಂಬ್ಲಾಜ್’, ಹಗುರ. ಸಿಪ್ಪೆಯ ಜೊತೆ ರಸವನ್ನು ಕೆಲ ಗಂಟೆ ನೆನೆಸಿ ಬಣ್ಣ ಬರಿಸಿದರೆ ‘ಸೆನ್ಯೆ’. ಅದರಲ್ಲಿ ಬಣ್ಣ ಗಾಢ, ನಾಲಿಗೆಯ ಅಂಚಿಗೆ ಸಣ್ಣ ಒಗರು ತಾಗುತ್ತದೆ, ಊಟಕ್ಕೆ ಚೆನ್ನಾಗಿ ನಿಲ್ಲುತ್ತದೆ.

ಕಾಲದ ಪದಗಳು, ಬ್ರಿಯೋಶ್‌ನ ಗುಟ್ಟು

ಬಾಟಲಿಯ ಮೇಲೆ ಇಸವಿ ಇಲ್ಲದಿದ್ದರೆ ಅದು ಸಾಮಾನ್ಯವಾಗಿ ಹಲವು ವರ್ಷಗಳ ವೈನುಗಳ ಮಿಶ್ರಣ. ಮಾರುವ ಮುಂಚೆ ಕನಿಷ್ಠ 15 ತಿಂಗಳು ನೆಲಮಾಳಿಗೆಯಲ್ಲಿ ಇರಲೇಬೇಕು, ಅದರಲ್ಲಿ 12 ತಿಂಗಳು ಗಸಿಯ ಮೇಲೆ. ಇಸವಿ ಇದ್ದರೆ ‘ಮಿಲೆಸಿಮೆ’. ಒಂದೇ ವರ್ಷದ ಕೊಯ್ಲು, ಕನಿಷ್ಠ 3 ವರ್ಷದ ಕಾಯುವಿಕೆ. ಒಳ್ಳೆಯ ಮನೆಗಳು ಇದಕ್ಕಿಂತ ಜಾಸ್ತಿಯೇ ಕಾಯುತ್ತವೆ.

ಕಾಯುವಾಗ ಒಳಗೆ ಏನಾಗುತ್ತದೆ? ಸತ್ತ ಯೀಸ್ಟಿನ ಕಣಗಳು ನಿಧಾನವಾಗಿ ಕರಗಿ ತಮ್ಮ ಸತ್ವವನ್ನು ವೈನಿಗೆ ಬಿಟ್ಟುಕೊಡುತ್ತವೆ. ಬ್ರಿಯೋಶ್ ಅನ್ನುವುದು ಬೆಣ್ಣೆ, ಮೊಟ್ಟೆ ಹಾಕಿ ಮಾಡುವ ಫ್ರೆಂಚ್ ಬ್ರೆಡ್ಡು. ಶಾಂಪೇನ್‌ನಲ್ಲಿ ಬರುವ ಬ್ರಿಯೋಶ್, ಬಿಸ್ಕತ್ತು, ಸುಟ್ಟ ಬ್ರೆಡ್ಡಿನ ಘಮಕ್ಕೆ ದೊಡ್ಡ ಕಾರಣ ಈ ಗಸಿ. ಬ್ರೆಡ್ಡಿಗೂ ಯೀಸ್ಟೇ ಅಲ್ವಾ, ಹಾಗಾಗಿ ಈ ಪದ ಗಾಳಿಯಲ್ಲಿ ಬಂದದ್ದಲ್ಲ. ಚೀಟಿಯಲ್ಲಿ ಬ್ರಿಯೋಶ್ ಅಂತ ಓದಿದರೆ ‘ಇದು ಗಸಿಯ ಮೇಲೆ ಸಾಕಷ್ಟು ಕಾಲ ಕೂತಿದೆ’ ಅಂತ ಓದಿಕೊಳ್ಳಿ. ಹಸಿರು ಸೇಬು, ನಿಂಬೆ, ಪೇರ್ ಅಂತ ಇದ್ದರೆ ಎಳೆಯದು, ಚುರುಕಿನದು.

ಹೀಗಾಗಿ ಮಿಲೆಸಿಮೆ ಅಂದರೆ ಯಾವಾಗಲೂ ಮೇಲು ಅಂತ ಅಲ್ಲ. ತಾಜಾತನ ಬೇಕಾದವರಿಗೆ ಇಸವಿ ಇಲ್ಲದ ಒಳ್ಳೆಯ ಬ್ರೂಟ್ ಹೆಚ್ಚು ಖುಷಿ ಕೊಡಬಹುದು. ಮಿಲೆಸಿಮೆಗೆ ಕೊಡುವ ಹೆಚ್ಚಿನ ಹಣ ಕಾಲಕ್ಕೆ ಮತ್ತು ಆ ಒಂದು ವರ್ಷದ ಗುಣಕ್ಕೆ ಕೊಡುವ ಹಣ. ಆ ರುಚಿ ಇಷ್ಟ ಅಂತ ಗೊತ್ತಿದ್ದರೆ ಕೊಡಿ.

ಚೀಟಿಯಲ್ಲಿ ‘ದೆಗೋರ್ಜ್‌ಮಾಂ’ ತಾರೀಖು ಇದ್ದರೆ ಅದು ಗಸಿ ತೆಗೆದ ದಿನ. ಕೆಡುವ ದಿನ ಅಲ್ಲ. ಆ ದಿನದವರೆಗೆ ವೈನು ಗಸಿಯ ಕಾವಲಿನಲ್ಲಿತ್ತು, ಆಮೇಲೆ ಬೇರೆ ಬಗೆಯಲ್ಲಿ ಹಳೆಯದಾಗುತ್ತದೆ. ಬೊಲಾಂಜೆ ಮನೆ ‘ಆರ್‌ಡಿ’ ಎಂದು ಬರೆಯುವುದು ಇದನ್ನೇ. ಬಹುಕಾಲ ಗಸಿಯ ಮೇಲಿಟ್ಟು, ಇತ್ತೀಚೆಗೆ ಗಸಿ ತೆಗೆದದ್ದು ಅಂತ ಅದರ ಅರ್ಥ.

ದೊಡ್ಡ ಮನೆಯೋ, ಬೆಳೆಗಾರರೋ?

ಚೀಟಿಯ ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ, ಎರಡು ಅಕ್ಷರ ಮತ್ತು ಕೆಲವು ಅಂಕೆಗಳು ಇರುತ್ತವೆ. ‘ಎನ್‌ಎಂ’ ಅಂದರೆ ಹಣ್ಣು ಕೊಂಡು ತಯಾರಿಸುವ ಮನೆ. ಹೆಸರಾದ ದೊಡ್ಡ ಮನೆಗಳೆಲ್ಲ ಹೆಚ್ಚಾಗಿ ಇದೇ. ‘ಆರ್‌ಎಂ’ ಅಂದರೆ ತನ್ನ ತೋಟದ ಹಣ್ಣಿನಿಂದ ತಾನೇ ಮಾಡುವ ಬೆಳೆಗಾರ. ‘ಸಿಎಂ’ ಸಹಕಾರ ಸಂಘ. ‘ಎಂಎ’ ಅಂದರೆ ಬೇರೆಯವರು ಮಾಡಿದ್ದಕ್ಕೆ ಅಂಗಡಿಯೋ ಸೂಪರ್‌ಮಾರ್ಕೆಟ್ಟೋ ತನ್ನ ಹೆಸರು ಹಾಕಿದ್ದು.

ದೊಡ್ಡ ಮನೆಯ ಬಲ ಒಂದೇ ತರಹದ ರುಚಿ. ಹತ್ತಾರು ಹಳ್ಳಿಗಳ ವೈನು, ಹಳೆಯ ವರ್ಷಗಳ ದಾಸ್ತಾನು ಸೇರಿಸಿ ಅವರು ಪ್ರತಿ ಸಲವೂ ಅದೇ ರುಚಿ ತರುತ್ತಾರೆ. ಉಡುಗೊರೆಗೆ ಇದು ಸುರಕ್ಷಿತ, ಹೆಸರೂ ಎಲ್ಲರಿಗೂ ಗೊತ್ತು. ಬೆಳೆಗಾರರ ಬಾಟಲಿಯಲ್ಲಿ ಒಂದು ಹಳ್ಳಿ, ಒಂದು ಇಳಿಜಾರು, ಆ ವರ್ಷದ ಬಿಸಿಲು ಮಾತಾಡುತ್ತದೆ. ಅದೇ ಬೆಲೆಗೆ ಹೆಚ್ಚು ವ್ಯಕ್ತಿತ್ವ ಸಿಗಬಹುದು, ಏರುಪೇರೂ ಸಿಗಬಹುದು. ನಿಮಗಾಗಿಯೇ ಕೊಳ್ಳುತ್ತಿದ್ದರೆ ಆರ್‌ಎಂ ಹುಡುಕಿ ಅನ್ನುತ್ತೇನೆ. ನನಗೆ ಆ ಏರುಪೇರೇ ಇಷ್ಟ.

ಯಾವ ಪದಕ್ಕೆ ಹಣ ಕೊಡಬಾರದು

‘ಗ್ರಾಂ ಕ್ರೂ’, ಅಂದರೆ ದ್ರಾಕ್ಷಿಗೆ ಮೇಲ್ದರ್ಜೆಯ ಹಳ್ಳಿ, ಇದಕ್ಕೆ ಅರ್ಥ ಇದೆ. 300ಕ್ಕೂ ಹೆಚ್ಚು ಹಳ್ಳಿಗಳಲ್ಲಿ 17ಕ್ಕೆ ಮಾತ್ರ ಆ ಪಟ್ಟ. ಆದರೂ ಅದು ಹಳ್ಳಿಗೆ ಸಿಕ್ಕ ಪಟ್ಟ, ಆ ಬಾಟಲಿಗೆ ಸಿಕ್ಕದ್ದಲ್ಲ. ಆ ಹಳ್ಳಿಯ ಸಾಧಾರಣ ತಯಾರಕನೂ ಅದನ್ನು ಹಾಕಬಹುದು.

‘ರಿಸರ್ವ್’, ‘ಪ್ರೆಸ್ಟೀಜ್’, ‘ವಿಯೇ ವಿನ್ಯ್’ (ಹಳೆಯ ಬಳ್ಳಿ), ಇವಕ್ಕೆ ಇಂತಿಷ್ಟೇ ಅನ್ನುವ ಕಟ್ಟಳೆ ಇಲ್ಲ. ಒಳ್ಳೆಯ ತಯಾರಕ ಬರೆದರೆ ಅರ್ಥ ಇರುತ್ತದೆ. ಗೊತ್ತಿಲ್ಲದ ಹೆಸರಿನ ಪಕ್ಕ ಇದ್ದರೆ ಬರೀ ಅಲಂಕಾರ ಇರಬಹುದು. ‘ಕ್ಯುವೆ’ ಪದಕ್ಕೆ ಎರಡು ಬಳಕೆ. 4,000 ಕಿಲೋ ಹಣ್ಣು ಹಿಂಡುವಾಗ ಮೊದಲು ಬರುವ 2,050 ಲೀಟರ್ ರಸಕ್ಕೆ ಆ ಹೆಸರಿದೆ, ಅದೇ ಒಳ್ಳೆಯ ಭಾಗ. ಆದರೆ ಚೀಟಿಯ ಮೇಲೆ ಹೆಚ್ಚಿನ ಸಲ ‘ಒಂದು ಮಿಶ್ರಣ’ ಅನ್ನುವಷ್ಟೇ ಅರ್ಥ.

ನಾಲಿಗೆಯ ಪದಗಳನ್ನು ಬಿಡಿಸಿ ಓದುವುದು

‘ಕ್ರಿಸ್ಪ್’ ಅಂತ ಬರೆದಿದ್ದರೆ ಗರಿಗರಿ ಅಂತ ಅನುವಾದ ಮಾಡಿಕೊಳ್ಳಬೇಡಿ. ಅದು ಹುಳಿಯ ಮಾತು. ಹುಳಿ ಚುರುಕಾಗಿ ತಾಗಿ, ಬಾಯಿ ಸ್ವಚ್ಛ ಮಾಡಿ, ಬೇಗ ಸರಿದುಹೋಗುತ್ತದೆ. ಅದಕ್ಕೆ ಎದುರಿನ ಪದ ‘ಕ್ರೀಮಿ’, ಕೆನೆಯಂಥದ್ದು. ಇದು ಎರಡು ಕಡೆಯಿಂದ ಬರುತ್ತದೆ. ಒಂದು ನೊರೆಯ ಮೃದುತನ. ಇನ್ನೊಂದು, ವೈನಿನ ಚೂಪಾದ ಮ್ಯಾಲಿಕ್ ಹುಳಿಯನ್ನು ಬ್ಯಾಕ್ಟೀರಿಯಾ ಮೆದುವಾದ ಲ್ಯಾಕ್ಟಿಕ್ ಹುಳಿಗೆ ಬದಲಿಸುವುದು. ಹಸಿರು ಸೇಬಿನ ಹುಳಿ ಹಾಲಿನ ಹುಳಿಯಾದ ಹಾಗೆ. ಬೆಣ್ಣೆಯ ಸುಳಿವೂ ಆಗಲೇ ಬರುವುದು. ಹುಳಿ ಹಿಡಿಸದವರು ಕ್ರಿಸ್ಪ್ ಬಿಟ್ಟು ಕ್ರೀಮಿ ಕಡೆ ಹೋಗಿ.

‘ಮಿನರಲ್’ ಅತಿ ಹೆಚ್ಚು ಬಳಕೆಯಾಗುವ, ಅತಿ ಕಡಿಮೆ ಅರ್ಥವಾಗುವ ಪದ. ಬಳ್ಳಿ ನೆಲದ ಸೀಮೆಸುಣ್ಣವನ್ನು ಹೀರಿ ಅದರ ರುಚಿಯನ್ನು ಗ್ಲಾಸಿಗೆ ತಂದುಬಿಡುತ್ತದೆ ಅಂತ ಓದಬಾರದು. ಹಾಗೆ ನಡೆಯುವುದಿಲ್ಲ. ಹಣ್ಣಿನ ರುಚಿ ಕಡಿಮೆ, ಹುಳಿ ಎದ್ದು ಕಾಣುವುದು, ಕೊನೆಯಲ್ಲಿ ಉಪ್ಪಿನ ಛಾಯೆ, ನಾಲಿಗೆ ಸ್ವಲ್ಪ ಒಣಗಿದಂತೆ ಆಗುವುದು. ಇಷ್ಟೂ ಸೇರಿದ ಅನುಭವಕ್ಕೆ ಒದ್ದೆ ಕಲ್ಲಿನ ಹೋಲಿಕೆ ಸಿಕ್ಕಿದೆ. ಸಿಂಪಿ ತಿನ್ನುವವರಿಗೆ ಈ ಪದ ಒಳ್ಳೆಯ ಸೂಚನೆ. ಹಣ್ಣಿನ ಸೊಗಸು ಹುಡುಕುವವರಿಗೆ ಎಚ್ಚರಿಕೆ.

‘ಆಕ್ಸಿಡೇಟಿವ್’ ಅಂದರೆ ತಯಾರಿಸುವಾಗ ವೈನಿಗೆ ಸ್ವಲ್ಪ ಗಾಳಿ ತಾಗಿಸಿದ್ದು, ಎಷ್ಟೋ ಸಲ ಓಕ್ ಪೀಪಾಯಿಯಲ್ಲಿ. ಕತ್ತರಿಸಿಟ್ಟ ಸೇಬು, ಅಕ್ರೋಟು, ಒಣಹಣ್ಣಿನ ರುಚಿ. ಅವೀಝ್‌ನ ಆನ್ಸೆಲ್ಮ್ ಸೆಲೋಸ್ ಅವರ ವೈನುಗಳು ಈ ದಾರಿಯಲ್ಲಿ ಹೆಸರಾದವು. ಇದಕ್ಕೆ ಎದುರು ‘ರಿಡಕ್ಟಿವ್’, ಗಾಳಿಯಿಂದ ಕಾಪಾಡಿದ್ದು. ಬೆಂಕಿಕಡ್ಡಿ ಗೀರಿದಾಗಿನ ಘಾಟು, ಸುಟ್ಟ ಬ್ರೆಡ್ಡಿನ ವಾಸನೆ ಬರುತ್ತದೆ. ಕೆಲವರಿಗೆ ಮೊದಲ ಕ್ಷಣ ಕೆಟ್ಟಿದೆ ಅನಿಸುತ್ತದೆ. ಗ್ಲಾಸನ್ನು ಒಮ್ಮೆ ಮೆಲ್ಲಗೆ ತಿರುಗಿಸಿ, ಕಾಯಿರಿ. ಬಾಲ್ಟಿಕ್ ಸಮುದ್ರದ ಆ ಹಳೆಯ ಬಾಟಲಿಗಳನ್ನು ತೆರೆದಾಗಲೂ ಹೀಗೇ ಆಯಿತು. ಮೊದಲು ಒದ್ದೆ ಕೂದಲು, ಪ್ರಾಣಿಗಳ ಮೈಯಂಥ ವಾಸನೆ. ಗ್ಲಾಸು ತಿರುಗಿಸಿ ಗಾಳಿ ಆಡಿಸಿದ ಮೇಲೆ ಹೊಗೆ, ಮಸಾಲೆ, ಚರ್ಮದ ಘಮ, ಜೊತೆಗೆ ಹೂವು ಹಣ್ಣುಗಳ ಸುಳಿವು. ಸುಮಾರು 170 ವರ್ಷ ಕಾದ ವೈನು ಮಾತಾಡಲು ಇನ್ನೂ ಒಂದೆರಡು ನಿಮಿಷ ಕೇಳಿತು. ಈ ವಿಷಯ ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಗುಳ್ಳೆಗಳ ಬಗ್ಗೆ ಹೊಗಳಿಕೆ ಕೇಳಿದರೆ ಸ್ವಲ್ಪ ತಡೆಯಿರಿ. ‘ಸಣ್ಣ ಗುಳ್ಳೆ ಇದ್ದರೆ ಉತ್ತಮ ಶಾಂಪೇನ್’ ಅಂತ ಮಾತಿದೆ. ರೀಮ್ಸ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಜೆರಾರ್ ಲಿಜೆ ಬೆಲೇರ್ ವರ್ಷಗಟ್ಟಲೆ ಈ ಗುಳ್ಳೆಗಳನ್ನೇ ಅಧ್ಯಯನ ಮಾಡಿದ್ದಾರೆ. ಗುಳ್ಳೆ ಹುಟ್ಟುವುದು ಹೆಚ್ಚಾಗಿ ಗ್ಲಾಸಿಗೆ ಅಂಟಿದ ಬಟ್ಟೆಯ ಎಳೆ, ಧೂಳಿನ ನಾರುಗಳಲ್ಲಿ. ಅಂದರೆ ಕಣ್ಣಿಗೆ ಕಾಣುವ ಆಟದಲ್ಲಿ ಗ್ಲಾಸಿನ ಪಾಲು ದೊಡ್ಡದು. ಹಳೆಯ ಶಾಂಪೇನ್‌ನಲ್ಲಿ ಅನಿಲ ಕಡಿಮೆಯಾಗಿ ಗುಳ್ಳೆ ಸಣ್ಣದಾಗುವುದೂ ನಿಜ. ಹಾಗಾಗಿ ಕಣ್ಣಿಗಿಂತ ಬಾಯಿಯನ್ನು ಕೇಳಿ. ‘ಮೂಸ್’ ಅಂದರೆ ಬಾಯೊಳಗಿನ ನೊರೆ. ಅದು ಚುಚ್ಚುತ್ತದೋ, ಮೆತ್ತಗೆ ಹರಡುತ್ತದೋ ನೋಡಿ.

ಕೊನೆಯದು ‘ಉದ್ದ’. ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದು. ಫ್ರೆಂಚರು ಇದಕ್ಕೆ ಒಂದು ಅಳತೆಯನ್ನೇ ಮಾಡಿಕೊಂಡಿದ್ದಾರೆ, ‘ಕೋದಾಲಿ’. ಒಂದು ಸೆಕೆಂಡಿಗೆ ಒಂದು ಕೋದಾಲಿ. ಹೊಸಬರೂ ಮೊದಲ ದಿನದಿಂದಲೇ ಮಾಡಬಹುದಾದ ಪರೀಕ್ಷೆ ಇದು. ನುಂಗಿ, ಮನಸ್ಸಿನಲ್ಲೇ ಎಣಿಸಿ. ಎರಡು ಬಾಟಲಿ ಪಕ್ಕಪಕ್ಕ ಇದ್ದರೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

ಜೇಬಿಗೆ ತಕ್ಕಂತೆ

ಫ್ರಾನ್ಸಿನ ಬೆಲೆಗಳನ್ನು ಅಂದಾಜಿಗೆ ಹೇಳುತ್ತೇನೆ. 20ರಿಂದ 30 ಯೂರೋ ಒಳಗೆ ಸೂಪರ್‌ಮಾರ್ಕೆಟ್ಟಿನ ಬಾಟಲಿಗಳು, ಸಹಕಾರ ಸಂಘದವು, ಬೆಳೆಗಾರರ ಮನೆಯಲ್ಲೇ ಹೋಗಿ ಕೊಳ್ಳುವ ಬ್ರೂಟ್‌ಗಳು ಸಿಗುತ್ತವೆ. ಈ ಹಣಕ್ಕೆ ಸಿಎಂ ಅಥವಾ ಆರ್‌ಎಂ ಅಕ್ಷರ ನೋಡಿ. 40ರಿಂದ 60ರೊಳಗೆ ಹೆಸರಾದ ಮನೆಗಳ ಇಸವಿ ಇಲ್ಲದ ಬ್ರೂಟ್ ಸಿಗುತ್ತದೆ. ಇದೇ ಹಣಕ್ಕೆ ಒಳ್ಳೆಯ ಬೆಳೆಗಾರರ ಬ್ಲಾ ದ ಬ್ಲಾವೋ ಮಿಲೆಸಿಮೆಯೋ ಬರುತ್ತದೆ. ನನ್ನ ಲೆಕ್ಕದಲ್ಲಿ ಕೊಟ್ಟ ಹಣಕ್ಕೆ ಅತಿ ಹೆಚ್ಚು ರುಚಿ ಸಿಗುವ ಜಾಗ ಇದು. 150 ಯೂರೋ ದಾಟಿದ ಮೇಲೆ ದೊಡ್ಡ ಮನೆಗಳ ಕಿರೀಟದಂಥ ಬಾಟಲಿಗಳು. ಅವುಗಳಲ್ಲಿ ಎಷ್ಟೋ ದಶಕಗಟ್ಟಲೆ ಇಡಲು ಮಾಡಿದವು. ತಂದ ದಿನವೇ ತೆರೆದರೆ ಅವು ಬಿಗಿಯಾಗಿ, ಮುಚ್ಚಿಕೊಂಡೇ ಇರಬಹುದು. ಇಡಲು ತಂಪಾದ, ಕತ್ತಲೆಯ ಜಾಗ ಇಲ್ಲದಿದ್ದರೆ ಆ ಹಣಕ್ಕೆ ಮೂರು ಒಳ್ಳೆಯ ಬೆಳೆಗಾರರ ಬಾಟಲಿ ತಗೊಳ್ಳಿ.

20 ಯೂರೋಗಿಂತ ಕಡಿಮೆ ಇದ್ದರೆ? ತೀರಾ ಅಗ್ಗದ ಶಾಂಪೇನ್ ಹುಡುಕುವ ಬದಲು ‘ಕ್ರೆಮಾಂ’ ನೋಡಿ. ಬರ್ಗಂಡಿ, ಅಲ್ಸಾಸ್, ಲ್ವಾರ್ ಕಡೆ ಬಾಟಲಿಯೊಳಗೇ ಹುದುಗಿಸಿ ಮಾಡಿದ್ದು, ಗಸಿಯ ಮೇಲೆ ಕನಿಷ್ಠ 9 ತಿಂಗಳು ಇರುತ್ತದೆ. ಬ್ರಿಯೋಶ್‌ನ ಆಳ ಅಷ್ಟು ಇರಲಾರದು. ಆದರೆ ಅವಸರದಲ್ಲಿ ಮಾಡಿದ ಶಾಂಪೇನ್‌ಗಿಂತ ಪ್ರೀತಿಯಿಂದ ಮಾಡಿದ ಕ್ರೆಮಾಂ ಎಷ್ಟೋ ಮೇಲು. ಬ್ರೂಟ್, ರೋಸೇ, ಬ್ಲಾ ದ ಬ್ಲಾ ಪದಗಳು ಅಲ್ಲೂ ಇವೆ.

ಈಗ ಆ ಮೂರು ಬಾಟಲಿಗಳ ಮುಂದೆ ಮತ್ತೆ ನಿಲ್ಲೋಣ. ಊಟಕ್ಕೆ ಮುಂಚೆ ಸಿಂಪಿ ಇದೆ, ಕೂತವರಿಗೆ ಹುಳಿ ಇಷ್ಟ ಅಂದರೆ ‘ಬ್ಲಾ ದ ಬ್ಲಾ, ಎಕ್ಸ್‌ಟ್ರಾ ಬ್ರೂಟ್’ ಎತ್ತಿಕೊಳ್ಳಿ. ಜನ ಜಾಸ್ತಿ, ರುಚಿ ಗೊತ್ತಿಲ್ಲ ಅಂದರೆ ‘ಬ್ರೂಟ್’, ಅದರಲ್ಲೂ ಹಿಂದಿನ ಚೀಟಿಯಲ್ಲಿ 8 ಗ್ರಾಂ ಆಸುಪಾಸು ಇದ್ದದ್ದು. ಮೊದಲ ಸಲ ಕುಡಿಯುವವರು ಜೊತೆಗಿದ್ದರೆ ‘ಎಕ್ಸ್‌ಟ್ರಾ ಡ್ರೈ’. ಕೇಕು ಕತ್ತರಿಸುವುದಿದ್ದರೆ ಮೂರನ್ನೂ ಬಿಟ್ಟು ಡೆಮಿ ಸೆಕ್ ಕೇಳಿ. ಯಾವುದನ್ನು ತಗೊಂಡರೂ 8ರಿಂದ 10 ಡಿಗ್ರಿಗೆ ತಂಪು ಮಾಡಿ, ಹಳೆಯ ಮಿಲೆಸಿಮೆ ಆದರೆ 12ರವರೆಗೆ ಬಿಡಿ. ಅದಕ್ಕಿಂತ ತಣ್ಣಗಾದರೆ ಘಮ ಏಳುವುದಿಲ್ಲ. ಸಪೂರ ಕೊಳವೆಯಂಥ ಗ್ಲಾಸಿನ ಬದಲು ಹೊಟ್ಟೆ ಸ್ವಲ್ಪ ಉಬ್ಬಿ ಬಾಯಿ ಕಿರಿದಾದ ಟ್ಯೂಲಿಪ್ ಗ್ಲಾಸಿಗೆ ಹಾಕಿ. ಇಷ್ಟೆಲ್ಲ ಪದ ಓದಿ ಆರಿಸಿದ್ದರ ಘಮ ಮೂಗಿಗೆ ಬರಲು ಅಷ್ಟು ಜಾಗ ಬೇಕು.